ಹರಾಜಿನಲ್ಲಿ ಮೊದಲ ಮುದ್ರಣದ ಪುಸ್ತಕ, ಕಲಾಕೃತಿ, ಹಳೆಯ ಪೀಠೋಪಕರಣ ಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹರಾಜಿನಲ್ಲಿ ಒಂದು ಲಾಟ್ (ಒಂದೇ ಸಂಖ್ಯೆಯಡಿ ಮಾರಾಟಕ್ಕಿಟ್ಟ ವಸ್ತು) ಕೈಬದಲಾಗಲು ಒಂದೆರಡು ನಿಮಿಷ ಸಾಕು. ಆ ಎರಡು ನಿಮಿಷದಲ್ಲಿ ಯೋಚಿಸಿದರಾಯಿತು ಎಂದು ಹೋದವರು ಹೆಚ್ಚು ದುಡ್ಡು ಸುರಿದು ಬರುತ್ತಾರೆ, ಇಲ್ಲವೇ ಬೇಡದ್ದನ್ನು ಹೊತ್ತು ತರುತ್ತಾರೆ. ಒಳ್ಳೆಯ ಖರೀದಿ ನಿರ್ಧಾರವಾಗುವುದು ಅದಕ್ಕೂ ಮುಂಚೆ, ವಸ್ತುಗಳನ್ನು ನೋಡಲೆಂದು ಇಟ್ಟಿರುವ ಪ್ರಿವ್ಯೂ ಕೋಣೆಯಲ್ಲಿ. ಪುಸ್ತಕವನ್ನು ತೆರೆದು ಹೊಲಿಗೆ ನೋಡಬೇಕು, ಚಿತ್ರವನ್ನು ತಿರುಗಿಸಿ ಹಿಂಬದಿ ಓದಬೇಕು, ಕುರ್ಚಿಯನ್ನು ಬೋರಲು ಹಾಕಿ ಅಡಿಭಾಗ ತಡವಬೇಕು. ಈ ಬರಹದ ಬಹುಪಾಲು ಆ ನೋಡುವ ಕೆಲಸದ ಬಗ್ಗೆಯೇ ಇದೆ.

ಹರಾಜು ಎಂದೊಡನೆ ನಮಗೆ ನೆನಪಾಗುವುದು ಕೋಟಿಗಳ ಸುದ್ದಿ. 2013ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹರಾಜು ಸಂಸ್ಥೆ ಕ್ರಿಸ್ಟೀಸ್ ಮುಂಬೈಯಲ್ಲಿ ನಡೆಸಿದ ಮೊದಲ ಹರಾಜಿನಲ್ಲಿ ವಿ.ಎಸ್. ಗಾಯ್ತೊಂಡೆ ಅವರ ಒಂದು ಚಿತ್ರ 23.7 ಕೋಟಿ ರೂಪಾಯಿಗೆ ಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ಅಮೃತಾ ಶೇರ್‌ಗಿಲ್ ಅವರ ಒಂದು ಕೃತಿ 61.8 ಕೋಟಿ ಮುಟ್ಟಿತು. ಆದರೆ ಹರಾಜು ಸಂಸ್ಥೆಗಳು ರೇಖಾಚಿತ್ರ, ಪ್ರಿಂಟ್, ಪುಸ್ತಕ, ಭೂಪಟಗಳನ್ನು ಸಾವಿರಗಳ ಲೆಕ್ಕದಲ್ಲೂ ಮಾರುತ್ತವೆ. ಸಂಬಳದಲ್ಲಿ ಒಂದಿಷ್ಟು ಉಳಿಸಿ, ವರ್ಷಕ್ಕೊಂದೆರಡು ಒಳ್ಳೆಯ ವಸ್ತು ಕೊಳ್ಳಬಲ್ಲವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಒಂದು ಸಣ್ಣ ಹೊಲ ಆರಿಸಿಕೊಳ್ಳಿ

"ಹಳೆಯ ಪುಸ್ತಕ ಸಂಗ್ರಹಿಸುತ್ತೇನೆ" ಎಂದರೆ ಅದಕ್ಕೆ ಕೊನೆಯಿಲ್ಲ. "1930ರಿಂದ 1960ರವರೆಗಿನ ಮೈಸೂರಿನ ಲೇಖಕರ ಮೊದಲ ಮುದ್ರಣಗಳು", "ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಅಚ್ಚು ಮಾಡಿದ ಪುಸ್ತಕಗಳು", "ರವಿವರ್ಮ ಪ್ರೆಸ್ಸಿನ ಓಲಿಯೊಗ್ರಾಫ್‌ಗಳು" (ತೈಲಚಿತ್ರದಂತೆ ಕಾಣುವ ಬಣ್ಣದ ಅಚ್ಚುಚಿತ್ರಗಳು), "ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳು", ಹೀಗೆ ಬೇಲಿ ಹಾಕಿಕೊಂಡರೆ ಎರಡು ವರ್ಷದಲ್ಲಿ ಆ ವಿಷಯದ ಬೆಲೆ, ನಕಲಿ, ಅಪರೂಪ ಎಲ್ಲವೂ ನಿಮಗೆ ತಿಳಿದಿರುತ್ತದೆ. ಕ್ಯಾಟಲಾಗ್ ಬರೆದವರಿಗಿಂತ ನಿಮಗೆ ಹೆಚ್ಚು ಗೊತ್ತಿರುವ ಜಾಗದಲ್ಲೇ ಒಳ್ಳೆಯ ಬೆಲೆಗೆ ಒಳ್ಳೆಯ ವಸ್ತು ಸಿಗುತ್ತದೆ.

ಕಣ್ಣು ಪಳಗಲು ಅಸಲಿಯನ್ನೇ ನೋಡಬೇಕು. ಬೆಂಗಳೂರಿನಲ್ಲಿದ್ದರೆ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ, ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ಮ್ಯಾಪ್, ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ಇವೆಲ್ಲ ಒಂದು ದಿನದ ದಾರಿ. ರವಿವರ್ಮನ ತೈಲಚಿತ್ರಗಳಿಗೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ. ಪುಸ್ತಕಕ್ಕಾದರೆ ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್ ಬುಕ್ ಶಾಪ್‌ನಂಥ ಹಳೆಯ ಅಂಗಡಿಗಳಲ್ಲಿ ಕೂತು ಪುಟ ತಿರುವುವುದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಹಂತ 2: ಎಲ್ಲಿ ಏನು ಬರುತ್ತದೆ ಎಂದು ತಿಳಿಯಿರಿ

ಭಾರತದ ಆಧುನಿಕ ಕಲೆಗೆ ಮುಂಬೈಯೇ ಮುಖ್ಯ ಪೇಟೆ. 2000ದಿಂದ ಆನ್‌ಲೈನ್ ಹರಾಜು ನಡೆಸುತ್ತಿರುವ ಸ್ಯಾಫ್ರನ್‌ಆರ್ಟ್, ಪಂಡೋಲ್ಸ್, ಆಸ್ಟಗುರು ಎಲ್ಲವೂ ಅಲ್ಲಿವೆ. ಬೆಂಗಳೂರಿನಲ್ಲಿ ಬಿಡ್ ಅಂಡ್ ಹ್ಯಾಮರ್ ಇದೆ, ನಾಣ್ಯ ಮತ್ತು ಹಳೆಯ ನೋಟುಗಳಿಗೆ ಮರುಧರ್ ಆರ್ಟ್ಸ್ ಇದೆ. ಇಂಗ್ಲಿಷ್ ಮೊದಲ ಮುದ್ರಣಗಳು ಮತ್ತು ಬ್ರಿಟಿಷರ ಕಾಲದ ಭಾರತದ ಪುಸ್ತಕಗಳು ಹೆಚ್ಚು ಬರುವುದು ಬ್ರಿಟನ್ನಿನಲ್ಲಿ. ಕ್ರಿಸ್ಟೀಸ್, ಸದಬೀಸ್, ಬಾನಮ್ಸ್ ಜೊತೆಗೆ ಪುಸ್ತಕಗಳಿಗೆ ಹೆಸರಾದ ಫೋರಮ್, ಡೊಮಿನಿಕ್ ವಿಂಟರ್‌ನಂಥ ಸಂಸ್ಥೆಗಳ ಮಾರಾಟಗಳನ್ನೂ ಗಮನಿಸುತ್ತಿರಿ. ಕನ್ನಡ ಪುಸ್ತಕ ಹರಾಜಿಗೆ ಬರುವುದೇ ಕಡಿಮೆ. ಅವು ಹಳೆಯ ಪುಸ್ತಕದಂಗಡಿ, ಮನೆ ಖಾಲಿ ಮಾಡುವವರು, ರದ್ದಿ ವ್ಯಾಪಾರಿಗಳ ಮೂಲಕವೇ ಸಿಗುತ್ತವೆ. ಆದರೂ ಅವನ್ನು ಪರೀಕ್ಷಿಸುವ ಬಗೆ ಒಂದೇ.

ಹೆಚ್ಚಿನ ಸಂಸ್ಥೆಗಳ ಜಾಲತಾಣದಲ್ಲಿ ಹಿಂದಿನ ಮಾರಾಟದ ಬೆಲೆಗಳು ಸಿಗುತ್ತವೆ. ಅವನ್ನು ಓದುವಾಗ ಒಂದು ವಿಷಯ ನೆನಪಿರಲಿ: ಮಾರಾಟಕ್ಕೆ ಮುಂಚೆ "ಇಷ್ಟರಿಂದ ಇಷ್ಟರವರೆಗೆ" ಎಂದು ಪ್ರಕಟಿಸುವ ಅಂದಾಜಿನಲ್ಲಿ ಸಂಸ್ಥೆಯ ಪ್ರೀಮಿಯಂ (ಕೊಂಡವರಿಂದ ಸಂಸ್ಥೆ ಪಡೆಯುವ ಶುಲ್ಕ) ಸೇರಿರುವುದಿಲ್ಲ, ಮಾರಾಟದ ನಂತರ ಪ್ರಕಟಿಸುವ ಬೆಲೆಯಲ್ಲಿ ಸಾಮಾನ್ಯವಾಗಿ ಸೇರಿರುತ್ತದೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು "ಅಂದಾಜು ಮೀರಿ ಹೋಯಿತು" ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಹಂತ 3: ಕ್ಯಾಟಲಾಗಿನ ಪದಗಳನ್ನು ವಕೀಲರಂತೆ ಓದಿ

ಕಲಾವಿದನ ಹೆಸರನ್ನು ಮಾತ್ರ, ಯಾವ ವಿಶೇಷಣವೂ ಇಲ್ಲದೆ ಕೊಟ್ಟಿದ್ದರೆ ಅದು ಅವನದೇ ಕೃತಿ ಎಂದು ಸಂಸ್ಥೆ ನಂಬಿದೆ ಎಂದರ್ಥ. "ಅಟ್ರಿಬ್ಯೂಟೆಡ್ ಟು" ಎಂದರೆ ಬಹುಶಃ ಅವನದು. "ಸರ್ಕಲ್ ಆಫ್" ಎಂದರೆ ಅವನ ಕಾಲದ, ಅವನ ಪ್ರಭಾವದ ಬೇರೆ ಯಾರದೋ. "ಮ್ಯಾನರ್ ಆಫ್" ಎಂದರೆ ಅವನ ಶೈಲಿಯಲ್ಲಿ, ಬಹುಶಃ ಬಹಳ ಕಾಲದ ನಂತರದ್ದು. "ಆಫ್ಟರ್" ಎಂದರೆ ಅವನ ಒಂದು ಕೃತಿಯ ಪ್ರತಿ. "ಸೈನ್ಡ್" ಎಂದರೆ ಸಹಿ ಅವನದೆಂದು ಸಂಸ್ಥೆಯ ಅಭಿಪ್ರಾಯ. "ಬೇರ್ಸ್ ಸಿಗ್ನೇಚರ್" ಎಂದರೆ ಸಹಿ ಇದೆ, ಅದು ಅವನ ಕೈಯದೆಂದು ನಾವು ಹೇಳುವುದಿಲ್ಲ ಎಂದು. ಲಕ್ಷಾಂತರ ರೂಪಾಯಿಯ ವ್ಯತ್ಯಾಸ ಈ ಎರಡು ಪದಗಳ ನಡುವೆ ಇದೆ.

ಪುಸ್ತಕದ ವಿವರಣೆಯಲ್ಲಿ "ಗುಡ್" ಎಂದಿದ್ದರೆ ಹಿಗ್ಗಬೇಡಿ. "ಫೈನ್", "ನಿಯರ್ ಫೈನ್", "ವೆರಿ ಗುಡ್" ಆದ ಮೇಲೆ ಬರುವ ದರ್ಜೆ ಅದು. ಪುಸ್ತಕ ಪೂರ್ತಿ ಇದೆ, ಆದರೆ ಚೆನ್ನಾಗಿ ಸವೆದಿದೆ ಎಂದು ತಿಳಿಯಬೇಕು. "ಎಕ್ಸ್-ಲೈಬ್ರರಿ" ಎಂದರೆ ಗ್ರಂಥಾಲಯದ ಮೊಹರು, ಅಂಟಿಸಿದ ಚೀಟಿ, ಪದೇಪದೇ ತೆರೆದು ಸಡಿಲಾದ ಬೆನ್ನು. "ನಾಟ್ ಕೊಲೇಟೆಡ್" ಅಥವಾ "ವಿತ್ ಆಲ್ ಫಾಲ್ಟ್ಸ್" ಎಂದಿದ್ದರೆ ಪುಟ, ಚಿತ್ರಫಲಕಗಳೆಲ್ಲ ಇವೆಯೇ ಎಂದು ಅವರು ಎಣಿಸಿಲ್ಲ ಅಥವಾ ಅದರ ಹೊಣೆ ಹೊರುವುದಿಲ್ಲ. ಅಂಥದ್ದನ್ನು ನೋಡದೆ ಕೂಗಬೇಡಿ.

ಪ್ರತಿ ಲಾಟ್‌ಗೂ ಕಂಡೀಷನ್ ರಿಪೋರ್ಟ್, ಅಂದರೆ ವಸ್ತುವಿನ ಸ್ಥಿತಿಯ ವರದಿ, ಕೇಳಿ ಪಡೆಯಿರಿ. ಅದಕ್ಕೆ ಹಣವಿಲ್ಲ. ಇಮೇಲ್‌ನಲ್ಲಿ ನಿರ್ದಿಷ್ಟವಾಗಿ ಕೇಳಿ: ಹಿಂಬದಿಯ ಫೋಟೊ, ಅಂಚುಗಳ ಫೋಟೊ, ಚೌಕಟ್ಟಿನಿಂದ ತೆಗೆದ ಫೋಟೊ, ರಿಪೇರಿ ಆಗಿರುವ ಜಾಗ. "ಸ್ಥಿತಿ ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ.

ಹಂತ 4: ಕೈಯಲ್ಲಿ ಹಿಡಿದು ನೋಡಿ

ಪುಸ್ತಕದಿಂದ ಶುರು ಮಾಡೋಣ. ಶೀರ್ಷಿಕೆ ಪುಟದ ಹಿಂಬದಿಯೇ ಮೊದಲ ಸಾಕ್ಷಿ. ಇಂಗ್ಲಿಷ್ ಪುಸ್ತಕಗಳಲ್ಲಿ "ಫಸ್ಟ್ ಪಬ್ಲಿಷ್ಡ್" ಎಂಬ ಸಾಲಿನ ಕೆಳಗೆ ಬೇರೆ ಮುದ್ರಣದ ಸುದ್ದಿ ಇರಬಾರದು. ಇತ್ತೀಚಿನ ದಶಕಗಳ ಪುಸ್ತಕಗಳಲ್ಲಿ 10ರಿಂದ 1ರವರೆಗೆ ಅಂಕಿಗಳ ಸಾಲು ಇರುತ್ತದೆ, ಅದರಲ್ಲಿ 1 ಉಳಿದಿರಬೇಕು. 1997ರಲ್ಲಿ ಬ್ಲೂಮ್ಸ್‌ಬರಿ ತಂದ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕವನ್ನೇ ತೆಗೆದುಕೊಳ್ಳಿ. ಗಟ್ಟಿ ರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ, ಅದರಲ್ಲೂ ಹೆಚ್ಚಿನವು ಗ್ರಂಥಾಲಯಗಳಿಗೆ ಹೋದವು. ಅದರಲ್ಲಿ ಅಂಕಿಗಳ ಸಾಲು 1ರವರೆಗೆ ಪೂರ್ತಿ ಇದೆ, ಹಕ್ಕುಸ್ವಾಮ್ಯದ ಸಾಲಿನಲ್ಲಿ "ಜೋನ್ ರೌಲಿಂಗ್" ಎಂಬ ಪೂರ್ಣ ಹೆಸರಿದೆ, 53ನೇ ಪುಟದ ಶಾಲಾ ಸಾಮಾನಿನ ಪಟ್ಟಿಯಲ್ಲಿ ಮಂತ್ರದಂಡ ಎರಡು ಸಲ ಬಂದಿದೆ. ಇಂಥ ಗುರುತುಗಳಿಗೆ ಸಂಗ್ರಾಹಕರು "ಪಾಯಿಂಟ್" ಎನ್ನುತ್ತಾರೆ. ನಿಮ್ಮ ಕ್ಷೇತ್ರದ ಪ್ರತಿ ಮುಖ್ಯ ಪುಸ್ತಕದ ಪಾಯಿಂಟುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಕನ್ನಡ ಪುಸ್ತಕಕ್ಕೆ ಇಂಥ ಸಿದ್ಧ ಕೋಶ ಇಲ್ಲ, ನಾವೇ ಪತ್ತೆದಾರಿ ಮಾಡಬೇಕು. ಸುದೈವಕ್ಕೆ ಹಳೆಯ ಪ್ರಕಾಶಕರು "ಮೊದಲನೆಯ ಮುದ್ರಣ, 1,000 ಪ್ರತಿಗಳು" ಎಂದು ಎಷ್ಟೋ ಸಲ ಅಚ್ಚು ಮಾಡುತ್ತಿದ್ದರು. ಆದರೆ ಪ್ರಕಾಶಕ ಬದಲಾದಾಗ ಹೊಸಬರು ತಮ್ಮ ಮೊದಲ ಮುದ್ರಣವನ್ನೇ "ಮೊದಲ ಮುದ್ರಣ" ಎಂದು ಹಾಕಿದ್ದೂ ಇದೆ. ಆಗ ಬೇರೆ ಗುರುತುಗಳು ನೆರವಿಗೆ ಬರುತ್ತವೆ. ಬೆಲೆ ನೋಡಿ: ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. 1949ರ ಪುಸ್ತಕದ ಬೆಲೆ ರೂಪಾಯಿ-ಆಣೆಯಲ್ಲಿ ಇರಬೇಕು. "ರೂ. 2.50" ಎಂದು ಅಚ್ಚಾಗಿದ್ದರೆ ಆ ಪ್ರತಿ, ಅಥವಾ ಕನಿಷ್ಠ ಅದರ ಹೊದಿಕೆ, ನಂತರದ್ದು. ವಿಳಾಸ ನೋಡಿ: ಆರಂಕಿಯ ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ರಾಜ್ಯದ ಹೆಸರು ನೋಡಿ: ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಈ ಮೂರು ದಿನಾಂಕ ಬಾಯಿಪಾಠವಾಗಿದ್ದರೆ ಅಂಗಡಿಯಲ್ಲಿ ನಿಂತ ನಿಲುವಿನಲ್ಲೇ ಅರ್ಧ ಸಂಶಯ ತೀರುತ್ತದೆ.

ಫೋಟೊ ಮರುಮುದ್ರಣ ಇನ್ನೊಂದು ಬಲೆ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಬಂತು. ನಂತರದ ಯಥಾಪ್ರತಿ ಮರುಮುದ್ರಣಗಳಲ್ಲಿ ಅದೇ ಹಳೆಯ ಶೀರ್ಷಿಕೆ ಪುಟ ಹಾಗೇ ಇರುತ್ತದೆ. ಹೊಸ ಪ್ರಕಾಶಕರ ವಿವರವಿರುವ ಒಂದು ಹಾಳೆ ಕಿತ್ತರೆ 1894 ಎಂದು ನಂಬಿಸುವುದು ಕಷ್ಟವಲ್ಲ. ಆದರೆ ಅಚ್ಚುಮೊಳೆಯ ಮುದ್ರಣವನ್ನು ಬೆರಳು ಗುರುತಿಸುತ್ತದೆ: ಕಾಗದದ ಹಿಂಬದಿಯಲ್ಲಿ ಅಕ್ಷರ ಒತ್ತಿದ ಸಣ್ಣ ಉಬ್ಬು ತಾಕುತ್ತದೆ. ಫೋಟೊ ಆಫ್‌ಸೆಟ್ಟಿನಲ್ಲಿ ಪುಟ ನುಣುಪಾಗಿರುತ್ತದೆ, ಸಣ್ಣ ಅಕ್ಷರಗಳ ಅಂಚು ತುಸು ದಪ್ಪಗಾಗಿ ಕೂಡಿಕೊಂಡಿರುತ್ತದೆ.

ಡಸ್ಟ್ ಜಾಕೆಟ್, ಅಂದರೆ ರಟ್ಟಿನ ಮೇಲಿನ ಬಿಡಿ ಕಾಗದದ ಹೊದಿಕೆಯ ಬಗ್ಗೆ ನಮ್ಮಲ್ಲಿ ಉದಾಸೀನ ಜಾಸ್ತಿ. ಓದುವಾಗ ತೊಡಕೆಂದು ಬಿಸಾಡಿದವರೇ ಹೆಚ್ಚು, ಅದರಿಂದಲೇ ಅದು ಅಪರೂಪ. ಇಪ್ಪತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಯ ಬೆಲೆಯಲ್ಲಿ ಬಹುಪಾಲು ಜಾಕೆಟ್ಟಿನದೇ. ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ 1935ರಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್‌ನಿಂದ ಬಂತು. ಅಂಥ ಪುಸ್ತಕ ಮೂಲ ಜಾಕೆಟ್ಟಿನೊಂದಿಗೆ ಸಿಕ್ಕರೆ ಜಾಕೆಟ್ ಇಲ್ಲದ ಪ್ರತಿಗಿಂತ ಹಲವು ಪಟ್ಟು ಬೆಲೆ. ಬೆಲೆ ನಮೂದಿಸಿದ ಮೂಲೆ ಕತ್ತರಿಸಿದೆಯೇ, ಜಾಕೆಟ್ ಬಣ್ಣದ ಜೆರಾಕ್ಸೇ, ಬೇರೆ ಪ್ರತಿಯಿಂದ ತಂದು ಹೊದಿಸಿದ್ದೇ ಎಂದು ನೋಡಿ. ಜಾಕೆಟ್ಟಿನ ಮಡಿಕೆಯ ಸವೆತವೂ ರಟ್ಟಿನ ಅಂಚಿನ ಸವೆತವೂ ಒಂದಕ್ಕೊಂದು ಹೊಂದಬೇಕು.

ಸಹಿ ಇದ್ದರೆ ಶಾಯಿ ನೋಡಿ. ಬಾಲ್‌ಪಾಯಿಂಟ್ ಪೆನ್ನು ಪೇಟೆಗೆ ಬಂದದ್ದೇ 1940ರ ದಶಕದಲ್ಲಿ, ಹಾಗಾಗಿ 1936 ಎಂದು ತಾರೀಖು ಹಾಕಿದ ಬಾಲ್‌ಪಾಯಿಂಟ್ ಸಹಿ ಸುಳ್ಳು. ಗ್ರಂಥಾಲಯದ ಮೊಹರು ಇದ್ದು, ಅದನ್ನು ಸಂಗ್ರಹದಿಂದ ತೆಗೆದುಹಾಕಿದ ಗುರುತು ಇಲ್ಲದಿದ್ದರೆ ಆ ಪುಸ್ತಕ ಬಿಟ್ಟುಬಿಡಿ. ನಮ್ಮ ಊರಿನ ಗ್ರಂಥಾಲಯಗಳಿಂದ ಕಾಣೆಯಾದ ಪುಸ್ತಕಗಳಿಗೆ ಗಿರಾಕಿ ನಾವಾಗಬಾರದು. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಇನ್ನು ಚಿತ್ರ. ಮುಖ ನೋಡಿ ಮರುಳಾಗುವ ಮೊದಲು ಬೆನ್ನು ನೋಡಿ. ಹಳೆಯ ಗ್ಯಾಲರಿ ಚೀಟಿ, ಪ್ರದರ್ಶನದ ಚೀಟಿ, ಚೌಕಟ್ಟು ಹಾಕಿದವರ ವಿಳಾಸ, ಪೆನ್ಸಿಲ್ ಸಂಖ್ಯೆ ಎಲ್ಲವೂ ಆ ಚಿತ್ರದ ಜಾತಕ. ಚೀಟಿಗೂ ಪುಸ್ತಕದ ಪರೀಕ್ಷೆಯೇ ಅನ್ವಯಿಸುತ್ತದೆ: 1968ರ ಪ್ರದರ್ಶನದ ಇಂಗ್ಲಿಷ್ ಚೀಟಿಯಲ್ಲಿ "ಬಾಂಬೆ" ಇರಬೇಕು, ಅಧಿಕೃತವಾಗಿ "ಮುಂಬೈ" ಆದದ್ದು 1995ರಲ್ಲಿ. ಅದರಲ್ಲಿ ಪಿನ್‌ಕೋಡ್ ಇರುವಂತಿಲ್ಲ. ಕಾಗದದ ಮೇಲಿನ ಕೃತಿಗೆ ಸಣ್ಣ ಯುವಿ ಟಾರ್ಚ್ ಸಾಕು. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳ ಬಳಕೆ ಹಬ್ಬಿದ್ದು 1950ರ ಆಸುಪಾಸಿನಲ್ಲಿ. 1930ರ ಚಿತ್ರ ಎಂದು ಹೇಳುವ ಕಾಗದ ಕತ್ತಲಲ್ಲಿ ನೀಲಿ-ಬಿಳಿಯಾಗಿ ಥಳಥಳಿಸಿದರೆ ಮುಂದೆ ಹೋಗಬೇಡಿ. ಅದೇ ಬೆಳಕಿನಲ್ಲಿ ತೈಲಚಿತ್ರದ ಮೇಲೆ ನಂತರ ಹಚ್ಚಿದ ಬಣ್ಣ ಕಪ್ಪು ತೇಪೆಯಾಗಿ ಕಾಣುತ್ತದೆ.

ರವಿವರ್ಮನ ಓಲಿಯೊಗ್ರಾಫ್ ಆರಂಭಿಕರಿಗೆ ನಾನು ಸೂಚಿಸುವ ಮೊದಲ ಪಾಠ, ಏಕೆಂದರೆ ಇದರ ಪರೀಕ್ಷೆ ಕಣ್ಣಿಗೆ ಕಾಣುವಂಥದ್ದು. ಅವನ ಪ್ರೆಸ್ 1894ರಲ್ಲಿ ಬೊಂಬಾಯಿಯಲ್ಲಿ ಶುರುವಾಯಿತು, ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಮಾಡಿ, ಒಂದರ ಮೇಲೊಂದು ಅಚ್ಚು ಹಾಕುತ್ತಿದ್ದರು. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ಲಕ್ಷ್ಮಿಯ ಕೆನ್ನೆ ನೋಡಿ. ಅಸಲಿಯಲ್ಲಿ ಕೈಯಿಂದ ಇಟ್ಟ ಚುಕ್ಕೆಗಳು ಅಡ್ಡಾದಿಡ್ಡಿಯಾಗಿ, ಬೇರೆಬೇರೆ ಗಾತ್ರದಲ್ಲಿ, ತಿಳಿಗೆಂಪು, ಕಂದು, ಹಳದಿ ಬಣ್ಣದಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಈಚಿನ ಮರುಮುದ್ರಣದಲ್ಲಿ ನಾಲ್ಕೇ ಬಣ್ಣದ ಚುಕ್ಕೆಗಳು ಸಾಲಾಗಿ, ಸಣ್ಣ ಹೂವಿನಾಕಾರದಲ್ಲಿ, ಯಂತ್ರದ ಶಿಸ್ತಿನಲ್ಲಿ ಕಾಣುತ್ತವೆ. ಡಿಜಿಟಲ್ ಪ್ರಿಂಟ್ ಆದರೆ ಶಾಯಿ ಸಿಂಪಡಿಸಿದಂತಿರುತ್ತದೆ. ಇದನ್ನು ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ. ಕೆಳ ಅಂಚಿನಲ್ಲಿ ಪ್ರೆಸ್ಸಿನ ಹೆಸರಿದೆಯೇ, ಚೌಕಟ್ಟಿಗೆ ಕೂರಿಸಲು ಅಂಚು ಕತ್ತರಿಸಿದ್ದಾರೆಯೇ ನೋಡಿ. ಕೆಲವಕ್ಕೆ ಮನೆಯ ಹೆಂಗಸರು ಜರಿ, ಮಣಿ, ಬಟ್ಟೆ ಅಂಟಿಸಿ ಸೀರೆ ಉಡಿಸಿದ್ದಾರೆ. ಆ ಕೆಲಸ ಹಳೆಯದೇ ಆಗಿದ್ದರೆ ಅದನ್ನು ಹಾಳೆಂದು ತಿಳಿಯಬೇಡಿ, ಅದಕ್ಕೇ ಬೇರೆ ಮೆಚ್ಚುಗೆಯಿದೆ.

ದೊಡ್ಡ ಹೆಸರು, ಸಣ್ಣ ಬೆಲೆ, ಬಾಯಿಮಾತಿನ ಕಥೆ ಮೂರೂ ಒಟ್ಟಿಗೆ ಬಂದರೆ ಎಚ್ಚರ. 2011ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜಿನಲ್ಲಿ ರವೀಂದ್ರನಾಥ ಟ್ಯಾಗೋರರದೆಂದು ಪ್ರದರ್ಶಿಸಿದ ಚಿತ್ರಗಳೇ ನಕಲಿ ಎಂದು ಆಮೇಲೆ ತಿಳಿದುಬಂತು. ಕೆ. ವೆಂಕಟಪ್ಪನವರ ಮುಖ್ಯ ಕೃತಿಗಳು ಸರ್ಕಾರಿ ಸಂಗ್ರಹದಲ್ಲಿವೆ, ಹಾಗಾಗಿ ಅವರ ಹೆಸರಿನ ಚಿತ್ರ ಪೇಟೆಗೆ ಬಂದರೆ ಅದು ಯಾರ ಮನೆಯಲ್ಲಿತ್ತು, ಹೇಗೆ ಬಂತು ಎಂಬ ಕಾಗದ ಗಟ್ಟಿಯಾಗಿರಲೇಬೇಕು. ಒಡೆತನದ ಇತಿಹಾಸ ಎಂದರೆ ಬಿಲ್ಲು, ಪತ್ರ, ಹಳೆಯ ಫೋಟೊ, ಪ್ರದರ್ಶನದ ಪುಸ್ತಿಕೆ. "ಒಂದು ಪ್ರತಿಷ್ಠಿತ ಕುಟುಂಬದ ಸಂಗ್ರಹ" ಎಂಬ ಸಾಲು ಇತಿಹಾಸ ಆಗುವುದಿಲ್ಲ.

ಪೀಠೋಪಕರಣದಲ್ಲಿ ಭಾರತದ ಅತಿ ಹೆಸರಾದ ಕಥೆ ಚಂಡೀಗಢದ್ದು. ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ನಗರ ಕಟ್ಟುವಾಗ ಅವರ ಸೋದರಸಂಬಂಧಿ ಪಿಯೇರ್ ಜಾನ್ನರೆ 1950ರ ದಶಕದಿಂದ ಸರ್ಕಾರಿ ಕಚೇರಿ, ಗ್ರಂಥಾಲಯ, ವಿಶ್ವವಿದ್ಯಾಲಯಗಳಿಗೆ ತೇಗ ಮತ್ತು ಬೆತ್ತದ ಕುರ್ಚಿ-ಮೇಜು ರೂಪಿಸಿದರು. ಹಳತಾದ ಮೇಲೆ ಕಚೇರಿಗಳು ಇವನ್ನು ಗುಜರಿ ಬೆಲೆಗೆ ವಿಲೇವಾರಿ ಮಾಡಿದವು. ವಿದೇಶಿ ವ್ಯಾಪಾರಿಗಳು ಕೊಂಡು ಪಾಲಿಶ್ ಮಾಡಿಸಿ ಪ್ಯಾರಿಸ್, ನ್ಯೂಯಾರ್ಕ್ ಹರಾಜುಗಳಲ್ಲಿ ದೊಡ್ಡ ಬೆಲೆಗೆ ಮಾರಿದರು. ಕೊನೆಗೆ 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇಂಥ ಪಾರಂಪರಿಕ ವಸ್ತುಗಳ ಮಾರಾಟ, ರಫ್ತನ್ನು ತಡೆಯಲು ಆದೇಶಿಸಿತು. ಹಾಗಾಗಿ ಇಂದು ಯಾರಾದರೂ ಅಸಲಿ ಕುರ್ಚಿ ಎಂದು ತಂದರೆ, ಯಾವ ಕಚೇರಿಯಿಂದ ಯಾವ ವರ್ಷ ವಿಲೇವಾರಿಯಾಯಿತು ಎಂಬ ಕಾಗದವನ್ನು ಮೊದಲು ಕೇಳಿ. ಆಮೇಲೆ ಕುರ್ಚಿ ಬೋರಲು ಹಾಕಿ. ಇಲಾಖೆಯ ಹೆಸರು, ಸಂಖ್ಯೆಯನ್ನು ಕೈಯಲ್ಲಿ ಬಣ್ಣದಿಂದ ಬರೆದಿರುವುದುಂಟು. ಕಾಲಿನ ತುದಿ ನೆಲ ಒರೆಸುವ ನೀರು ಕುಡಿದು ಕಪ್ಪಾಗಿರಬೇಕು, ಕೈಯಿಡುವ ಜಾಗ ಸವೆದು ನುಣ್ಣಗಾಗಿರಬೇಕು. ಎಲ್ಲ ಕಡೆ ಒಂದೇ ಸಮ "ಹಳೆತನ" ಇದ್ದರೆ ಅದು ಮರಳು ಕಾಗದದ ಕೆಲಸ. ಇವು ಹಲವು ಕಾರ್ಯಾಗಾರಗಳಲ್ಲಿ ತಯಾರಾದವು, ಆದ್ದರಿಂದ ಅಳತೆಯಲ್ಲಿ ಸಣ್ಣ ವ್ಯತ್ಯಾಸ ಇರುವುದೇ ಸಹಜ.

ಸಣ್ಣ ವಿನ್ಯಾಸ ವಸ್ತುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು 1967ರಲ್ಲಿ ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ಏರ್ ಇಂಡಿಯಾಕ್ಕಾಗಿ ರೂಪಿಸಿದ ಪಿಂಗಾಣಿ ಆಷ್‌ಟ್ರೇ. ಅದನ್ನು ಹೊತ್ತ ಹಂಸ ತಲೆಕೆಳಗಾದರೆ ಆನೆಯ ತಲೆಯಾಗುತ್ತದೆ. ಕೂಲಿಯಾಗಿ ಡಾಲಿ ಕೇಳಿದ್ದು ಒಂದು ಆನೆಮರಿ, ಅದು ವಿಮಾನ ಹತ್ತಿದ್ದು ನಮ್ಮ ಬೆಂಗಳೂರಿನಿಂದ. ಇಂಥ ಪಿಂಗಾಣಿಯನ್ನು ಕೊಳ್ಳುವಾಗ ಉಗುರಿನಿಂದ ಅಂಚು ಸವರಿ, ಟಾರ್ಚ್ ಹಿಡಿದು ಅಂಟಿಸಿದ ಗೆರೆ ಹುಡುಕಿ.

ಹಂತ 5: ಕಾನೂನು ಕೇಳಿಕೊಂಡೇ ಕೂಗಿ

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಕಲಾವಸ್ತು ಪ್ರಾಚ್ಯವಸ್ತು. ಹಸ್ತಪ್ರತಿಗೆ 75 ವರ್ಷ ಸಾಕು. ಖಾಸಗಿಯವರು ಇವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಶಿಲ್ಪ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿಗಳಂಥ ವರ್ಗಗಳಿಗೆ ನೋಂದಣಿ ಕಡ್ಡಾಯ. ನೋಂದಾಯಿತ ವಸ್ತು ಕೈಬದಲಾದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಇದರ ಜೊತೆಗೆ ಒಂಬತ್ತು ಕಲಾವಿದರ ಕೃತಿಗಳು ರಾಷ್ಟ್ರೀಯ ಕಲಾನಿಧಿ, ಅವುಗಳ ವಯಸ್ಸು ಎಷ್ಟಾದರೂ ರಫ್ತಿಲ್ಲ: ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ರವೀಂದ್ರನಾಥ, ಅಬನೀಂದ್ರನಾಥ, ಗಗನೇಂದ್ರನಾಥ ಟ್ಯಾಗೋರ್, ಶೈಲೋಜ್ ಮುಖರ್ಜಿ, ನಿಕೋಲಸ್ ರೋರಿಕ್. ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು ಮುಂಬೈ ಹರಾಜಿನಲ್ಲಿ ಜಾಮಿನಿ ರಾಯ್ ಕೊಂಡರೆ ಅದನ್ನು ಊರಿನ ಮನೆಯಲ್ಲೇ ನೇತುಹಾಕಬೇಕಾಗುತ್ತದೆ. ಕ್ಯಾಟಲಾಗಿನಲ್ಲಿ ರಫ್ತು ನಿಷೇಧದ ಗುರುತು ಇರುತ್ತದೆ, ನೋಡಿ.

ಮೈಸೂರಿನ ಬೀಟೆ ಮರದ ಕುಸುರಿ ಕೆಲಸ ಇಷ್ಟಪಡುವವರು ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು. ಹಳೆಯ ಪೆಟ್ಟಿಗೆ, ಬಾಗಿಲು, ಮೇಜುಗಳಲ್ಲಿ ಕೂರಿಸಿರುವ ಬಿಳಿ ತುಣುಕು ಎಷ್ಟೋ ಕಡೆ ಆನೆದಂತ. ವನ್ಯಜೀವಿ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ, ಎಷ್ಟೇ ಹಳೆಯದಾದರೂ ಸರಿ. ದಂತವನ್ನು ಲೂಪ್‌ನಲ್ಲಿ ನೋಡಿದರೆ ಒಂದನ್ನೊಂದು ಅಡ್ಡಹಾಯುವ ಸಣ್ಣ ಬಾಗಿದ ಗೆರೆಗಳು ಕಂಡಾವು, ಎಲುಬಿನಲ್ಲಿ ಕಪ್ಪು ಚುಕ್ಕೆ-ಗೀರುಗಳು ಇರುತ್ತವೆ. ಅನುಮಾನ ಬಂದರೆ ಕೈಬಿಡಿ.

ಹಂತ 6: ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ

ಸುತ್ತಿಗೆ ಬಿದ್ದ ಬೆಲೆಯೇ ನೀವು ಕೊಡುವ ಬೆಲೆಯಲ್ಲ. ಅದರ ಮೇಲೆ ಸಂಸ್ಥೆಯ ಪ್ರೀಮಿಯಂ, ಸಾಮಾನ್ಯವಾಗಿ ಶೇ. 20ರಿಂದ 28ರವರೆಗೆ. ಅದರ ಮೇಲೆ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ವರ್ಣಚಿತ್ರ, ಶಿಲ್ಪ, ನೂರು ವರ್ಷ ಮೀರಿದ ವಸ್ತುಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 10 ಲಕ್ಷ ಮೀರಿದ ಕಲಾಕೃತಿಗೆ 2025ರ ಏಪ್ರಿಲ್ 22ರಿಂದ ಶೇ. 1 ಟಿಸಿಎಸ್ (ಮಾರುವವರು ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ, ಅದು ನಿಮ್ಮ ಆದಾಯ ತೆರಿಗೆಯಲ್ಲಿ ಹೊಂದಿಕೆಯಾಗುತ್ತದೆ.

ಒಂದು ಚಿತ್ರ ಎರಡು ಲಕ್ಷಕ್ಕೆ ನಿಂತಿತು ಎನ್ನಿ. ಪ್ರೀಮಿಯಂ ಶೇ. 20, ಅದರ ಮೇಲೆ ಸೇವೆಯ ಜಿಎಸ್‌ಟಿ ಶೇ. 18, ಚಿತ್ರದ ಮೇಲೆ ಶೇ. 5 ಎಂದಿಟ್ಟುಕೊಂಡರೆ 2,00,000 + 40,000 + 7,200 + 10,000, ಒಟ್ಟು 2,57,200 ರೂಪಾಯಿ. ಅಂದರೆ 1.286 ಪಟ್ಟು. ನಿಮ್ಮ ಜೇಬಿನ ಮಿತಿ 2,50,000 ಆಗಿದ್ದರೆ ಸಾಗಣೆಗೆ 10,000 ತೆಗೆದಿಟ್ಟು, ಉಳಿದ 2,40,000ವನ್ನು 1.286ರಿಂದ ಭಾಗಿಸಿ. ಸುಮಾರು 1,86,600 ಬರುತ್ತದೆ. ಹರಾಜಿನಲ್ಲಿ ನೀವು ನಿಲ್ಲಿಸಬೇಕಾದದ್ದು 1,80,000ಕ್ಕೆ. ಆ ಸಂಸ್ಥೆಯ ಷರತ್ತುಗಳ ಪುಟದಲ್ಲಿರುವ ದರ ಹಾಕಿ ನಿಮ್ಮ ಭಾಜಕವನ್ನು ನೀವೇ ಕಂಡುಕೊಳ್ಳಿ. ವಿದೇಶದಿಂದ ತರಿಸುವುದಾದರೆ ಆಮದು ಸುಂಕ, ವಿಮೆ, ಕರೆನ್ಸಿ ವಿನಿಮಯದ ಖರ್ಚು ಸೇರಿಸಿ. ಸಾಗಣೆದಾರರಿಂದ ಲಿಖಿತ ದರ ಪಡೆಯದೆ ಕೂಗಬೇಡಿ.

ಹಂತ 7: ಹರಾಜಿನ ದಿನ

ನೋಂದಣಿಗೆ ಪ್ಯಾನ್, ವಿಳಾಸದ ದಾಖಲೆ ಬೇಕು. ಹೊಸಬರಿಂದ ಠೇವಣಿ ಕೇಳುವುದುಂಟು. ಎರಡು ದಿನ ಮುಂಚೆಯೇ ಮುಗಿಸಿ.

ಅಂದಾಜಿನ ಕೆಳಗಿನ ಅಂಕಿಗೆ ಸಮನಾಗಿ ಅಥವಾ ಅದಕ್ಕಿಂತ ಕಡಿಮೆಗೆ ಮಾರುವವರ ಗುಟ್ಟಿನ ಕನಿಷ್ಠ ಬೆಲೆ, ರಿಸರ್ವ್, ಇರುತ್ತದೆ. ಕೂಗು ಅಷ್ಟು ಮುಟ್ಟುವವರೆಗೆ ಮಾರುವವರ ಪರವಾಗಿ ಹರಾಜುದಾರರೇ ಏರಿಸಬಹುದು, ಅದಕ್ಕೆ ಷರತ್ತುಗಳಲ್ಲಿ ಅವಕಾಶವಿದೆ. ಕೂಗು ಸಾಮಾನ್ಯವಾಗಿ ಸುಮಾರು ಶೇ. 10ರಂತೆ ಏರುತ್ತದೆ. ಸಭಾಂಗಣಕ್ಕೆ ಹೋಗಲಾಗದಿದ್ದರೆ ಗರಿಷ್ಠ ಬೆಲೆ ಬರೆದುಕೊಟ್ಟು ಬರಬಹುದು, ಫೋನಿನಲ್ಲಿ ಕೂಗಬಹುದು. ಉದ್ವೇಗ ಬೇಗ ಏರುವವರಿಗೆ ಬರೆದುಕೊಟ್ಟು ಬರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಸಮಯ ನಿಗದಿಯ ಆನ್‌ಲೈನ್ ಹರಾಜಿನಲ್ಲಿ ಕೊನೆಯ ನಿಮಿಷಗಳಲ್ಲಿ ಬಿಡ್ ಬಂದರೆ ಗಡುವು ತಾನಾಗಿ ಮುಂದೆ ಹೋಗುತ್ತದೆ, ಹಾಗಾಗಿ ಕೊನೆಯ ಸೆಕೆಂಡಿಗೆ ಕಾಯುವುದರಿಂದ ಲಾಭವಿಲ್ಲ.

ನಿಮ್ಮ ಅಂಕಿ ದಾಟಿದೊಡನೆ ಪರದೆ ಮುಚ್ಚಿ. "ಇನ್ನೊಂದೇ ಏಟು" ಎಂಬುದು ಇನ್ನೊಂದಕ್ಕೆ ನಿಲ್ಲುವುದಿಲ್ಲ. ಮಾರಾಟವಾಗದೆ ಉಳಿದ ಲಾಟ್‌ಗಳ ಪಟ್ಟಿಯನ್ನು ಮಾತ್ರ ಮರುದಿನ ತಪ್ಪದೆ ನೋಡಿ. ರಿಸರ್ವ್ ಹತ್ತಿರದ ಬೆಲೆಗೆ ಇಮೇಲ್ ಮಾಡಿ ಕೇಳಿದರೆ ಮಾಲೀಕರು ಒಪ್ಪುವುದುಂಟು. ನಾನು ಮೆಚ್ಚಿ ಇಟ್ಟುಕೊಂಡಿರುವ ಕೆಲವು ವಸ್ತುಗಳು ಬಂದದ್ದು ಈ ದಾರಿಯಲ್ಲೇ.

ಹಂತ 8: ಗೆದ್ದ ಮೇಲೆ

ಹಣ ಕಟ್ಟಲು ಕೆಲವೇ ದಿನಗಳ ಗಡುವು ಇರುತ್ತದೆ, ತಡವಾದರೆ ಬಡ್ಡಿ, ಗೋದಾಮು ಬಾಡಿಗೆ. ಹೊಣೆ ಯಾವಾಗ ನಿಮ್ಮದಾಗುತ್ತದೆ ಎಂದು ಓದಿ, ಆ ಗಳಿಗೆಯಿಂದಲೇ ವಿಮೆ ಮಾಡಿಸಿ. ವಸ್ತು ಬಂದ ದಿನವೇ ಪೊಟ್ಟಣ ಬಿಚ್ಚುವುದನ್ನು ವಿಡಿಯೊ ಮಾಡಿ, ಪುಸ್ತಕವಾದರೆ ಪ್ರತಿ ಪುಟ, ಪ್ರತಿ ಚಿತ್ರಫಲಕ ಎಣಿಸಿ. ಪುಟ ಕಡಿಮೆ ಇದ್ದರೆ ವಾಪಸ್ ತೆಗೆದುಕೊಳ್ಳುವ ಸಂಸ್ಥೆಗಳಿವೆ, ಆದರೆ ಅದಕ್ಕೆ ಚಿಕ್ಕ ಗಡುವಿದೆ.

ಕಾಪಾಡುವುದರಲ್ಲಿ ನಮ್ಮ ಹವೆಯೇ ಮೊದಲ ಶತ್ರು. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಒಂದು ವಾರ ಸಾಕು. ತೇವಾಂಶ ಶೇ. 45ರಿಂದ 55ರೊಳಗೆ ಇರಲಿ, ಸಣ್ಣ ಹೈಗ್ರೋಮೀಟರ್ ಒಂದನ್ನು ಕಪಾಟಿನಲ್ಲೇ ಇಡಿ. ಹೊರಗೋಡೆಗೆ ಕಪಾಟು ತಾಗಿಸಬೇಡಿ. ಜಾಕೆಟ್ಟಿಗೆ ಪಾರದರ್ಶಕ ಪಾಲಿಯೆಸ್ಟರ್ ಹೊದಿಕೆ ಹಾಕಿ, ಸೆಲೋಟೇಪ್ ಎಂದೂ ಬೇಡ. ಬೆನ್ನು ಹರಿದ ಹಳೆಯ ರಟ್ಟನ್ನು ಬೀದಿ ಬೈಂಡರ್ ಕೈಗೆ ಕೊಟ್ಟು ಹೊಸ ರೆಕ್ಸಿನ್ ಹಾಕಿಸಿದರೆ ಪುಸ್ತಕದ ಬೆಲೆಯ ಬಹುಪಾಲು ಅಂಗಡಿಯಲ್ಲೇ ಉಳಿಯುತ್ತದೆ. ಸದ್ಯಕ್ಕೆ ಒಂದು ಪೆಟ್ಟಿಗೆ ಮಾಡಿಸಿ ಇಡಿ, ಸಂರಕ್ಷಣೆ ಕಲಿತವರು ಸಿಗುವವರೆಗೆ ಕಾಯಿರಿ. ಕಾಗದದ ಚಿತ್ರವನ್ನು ಹಾರ್ಡ್‌ಬೋರ್ಡಿಗೆ ಅಂಟಿಸಲು ಬಿಡಬೇಡಿ. ಆಮ್ಲವಿಲ್ಲದ ಮೌಂಟ್, ಯುವಿ ತಡೆಯುವ ಗಾಜು ಕೇಳಿ ಹಾಕಿಸಿ. ತೇಗದ ಕುರ್ಚಿಗೆ ಹೊಸ ಪಾಲಿಶ್ ಬೇಡ. ಬೆತ್ತ ಹರಿದಿದ್ದರೆ ಹೆಣೆಯುವವರಿಂದ ಹೆಣೆಸಿ, ಹಳೆಯ ತುಣುಕನ್ನು ಜೊತೆಗೇ ಎತ್ತಿಡಿ.

ಪ್ರತಿ ವಸ್ತುವಿಗೂ ಒಂದು ಫೈಲ್ ತೆರೆಯಿರಿ. ಅದರಲ್ಲಿ ಹರಾಜಿನ ಬಿಲ್ಲು, ಕ್ಯಾಟಲಾಗಿನ ಆ ಪುಟ, ಕಂಡೀಷನ್ ರಿಪೋರ್ಟ್, ಹಿಂಬದಿಯ ಫೋಟೊ, ಇಮೇಲ್‌ಗಳು ಇರಲಿ. ಚಿತ್ರ, ಶಿಲ್ಪಗಳು ಆದಾಯ ತೆರಿಗೆಯ ದೃಷ್ಟಿಯಲ್ಲಿ ಬಂಡವಾಳ ಆಸ್ತಿ. 24 ತಿಂಗಳು ಮೀರಿ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆ, ಆಗ ಕೊಂಡ ಬೆಲೆ ತೋರಿಸಲು ಈ ಬಿಲ್ಲೇ ಬೇಕು. ಮನೆಯ ಒಬ್ಬರಿಗಾದರೂ ಫೈಲ್ ಎಲ್ಲಿದೆ ಎಂದು ಗೊತ್ತಿರಲಿ, ಪ್ರತಿ ಫೈಲಿನ ಮೇಲೆ ಅದು ಯಾವ ಗೋಡೆಯ, ಯಾವ ಕಪಾಟಿನ ವಸ್ತು ಎಂದು ಕನ್ನಡದಲ್ಲಿ ದಪ್ಪಗೆ ಬರೆದಿಡಿ.